ಅವಿಭಕ್ತ ಸ್ವತ್ತಿನ ಕ್ರಯವೂ ದಾಯಾದರ ಸಮ್ಮತಿಯೂ

ಒಂದು ಸ್ವತ್ತಿಗೆ ಒಡೆಯರು ಹಲವರಿದ್ದು, ಅವರಲ್ಲಿ ಒಬ್ಬನು ಮಾರಲು ಇಚ್ಛಿಸಿ ಮಿಕ್ಕವರು ಒಪ್ಪದೆ ಹೋದರೆ ಯಾರ ಮಾತು ನಿಲ್ಲತಕ್ಕುದು? ಮಾರುವವನಿಗೆ ತನ್ನ ಅಂಶದ ಮೇಲೆ ಸ್ವಾತಂತ್ರ್ಯವಿಲ್ಲವೆಂದರೆ ಅವನ ಒಡೆತನವು ಹೆಸರಿಗೆ ಮಾತ್ರವಾಗುವುದು. ಉಂಟೆಂದರೆ ಕುಲಗೋತ್ರಗಳನ್ನರಿಯದ ಅನ್ಯನೊಬ್ಬನು ಮಿಕ್ಕವರ ನಡುಮನೆಗೆ ಬಂದು ನಿಲ್ಲುವನು. ಈ ಎರಡು ಅನಿಷ್ಟಗಳ ನಡುವೆ ದಾರಿಯನ್ನು ಹುಡುಕುವುದೇ ಧರ್ಮಶಾಸ್ತ್ರಕಾರರಿಗೂ ಇಂದಿನ ನ್ಯಾಯಾಲಯಗಳಿಗೂ ಸಮಾನವಾಗಿ ಒದಗಿದ ಕಾರ್ಯವಾಗಿದೆ. ಈ ವಿಚಾರದಲ್ಲಿ ಭರತಖಂಡದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥವು ಹುಟ್ಟಿದುದು ನಮ್ಮ ನಾಡಿನಲ್ಲಿಯೇ ಆದುದರಿಂದ, ಅದರ ಮತವೇನು, ಅದು ಕಾಲಕ್ರಮದಲ್ಲಿ ಹೇಗೆ ಮಾರ್ಪಟ್ಟಿತು, ಈಗ ಉಳಿದಿರುವುದೆಷ್ಟು ಎಂಬುದನ್ನು ಸಂಗ್ರಹವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

೧. ವಿಜ್ಞಾನೇಶ್ವರನ ಮತ

ಕಲ್ಯಾಣದಲ್ಲಿ ೧೦೭೬ರಿಂದ ೧೧೨೬ರ ವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಈ ವ್ಯಾಖ್ಯಾನದ ದಾಯವಿಭಾಗ ಪ್ರಕರಣವನ್ನು ಕೋಲ್‌ಬ್ರೂಕನು ಇಂಗ್ಲಿಷಿಗೆ ಭಾಷಾಂತರಿಸಿ ೧೮೧೦ರಲ್ಲಿ ಪ್ರಕಟಿಸಿದ ಮೇಲೆ ಅದು ಕಚೇರಿಗಳಲ್ಲಿ ನಿತ್ಯವ್ಯವಹಾರದ ಗ್ರಂಥವಾಯಿತು.

ವಿಜ್ಞಾನೇಶ್ವರನ ಸಿದ್ಧಾಂತದ ಮೂಲವು ಜನ್ಮಸ್ವತ್ವ. ಎಂದರೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಉಂಟಾಗುವುದು. ತಂದೆಯ ಮರಣವು ಹಕ್ಕನ್ನು ಹುಟ್ಟಿಸುವುದಿಲ್ಲ, ವಿಭಾಗವೂ ಹುಟ್ಟಿಸುವುದಿಲ್ಲ, ಇದ್ದ ಹಕ್ಕನ್ನು ವಿಭಾಗವು ಬೇರೆ ಬೇರೆಯಾಗಿ ಗೊತ್ತುಮಾಡುವುದು, ಅಷ್ಟೆ. ಇದರಿಂದ ಎರಡು ಮಾತು ಸಿದ್ಧಿಸುವುವು. ಮೊದಲನೆಯದು, ವಿಭಾಗಕ್ಕೆ ಮುಂಚೆ ‘ನನ್ನದು ಇಷ್ಟು’ ಎಂದು ಬೆರಳಿಟ್ಟು ತೋರಿಸತಕ್ಕ ಅಂಶವು ಯಾರಿಗೂ ಇಲ್ಲ. ಎರಡನೆಯದು, ಎಲ್ಲರಿಗೂ ಸಾಧಾರಣವಾದ ವಸ್ತುವಿನ ದಾನದಲ್ಲಿಯಾಗಲಿ ಅಡವಿನಲ್ಲಿಯಾಗಲಿ ವಿಕ್ರಯದಲ್ಲಿಯಾಗಲಿ ಒಬ್ಬನೇ ಸ್ವತಂತ್ರನಲ್ಲ.

ಆದರೆ ಈ ನಿಷೇಧವು ಕಲ್ಲಿನಂತೆ ಕಠಿಣವಾದುದಲ್ಲ. ಕುಟುಂಬಕ್ಕೆ ಆಪತ್ತು ಬಂದಾಗ, ಕುಟುಂಬದ ಪೋಷಣೆಗಾಗಿ, ಅವಶ್ಯಕವಾದ ಧರ್ಮಕಾರ್ಯಕ್ಕಾಗಿ ಒಬ್ಬನೇ ಆದರೂ ಸ್ಥಾವರವನ್ನು ಮಾರಬಹುದೆಂಬ ಸ್ಮೃತಿವಚನವನ್ನು ವಿಜ್ಞಾನೇಶ್ವರನು ಎತ್ತಿಕೊಂಡು ವಿವರಿಸಿರುವನು. ಮಕ್ಕಳು ಮೊಮ್ಮಕ್ಕಳು ಎಳೆಯರಾಗಿದ್ದು ಒಪ್ಪಿಗೆ ಕೊಡಲು ಅಶಕ್ತರಾಗಿರುವಾಗ, ಅಥವಾ ಕೂಡಿರುವ ಸೋದರರು ಅಂತಹ ಸ್ಥಿತಿಯಲ್ಲಿರುವಾಗ, ಸಮರ್ಥನಾದ ಒಬ್ಬನು ಎಲ್ಲರ ಹಿತಕ್ಕಾಗಿ ವ್ಯವಹರಿಸಬಹುದೆಂಬುದೇ ಅವನ ವಿವರಣೆಯ ತಾತ್ಪರ್ಯ. ಒಪ್ಪಿಗೆಯು ದೊರೆಯುವಂತಿದ್ದರೆ ಒಪ್ಪಿಗೆ ಬೇಕು. ದೊರೆಯಲಾರದಿದ್ದರೆ ಅವಶ್ಯಕತೆಯು ಅದರ ಸ್ಥಾನದಲ್ಲಿ ನಿಲ್ಲುವುದು. ಮುಂದೆ ಎಂಟು ಶತಮಾನಗಳ ತರುವಾಯ ನಡೆದ ವ್ಯಾಜ್ಯಗಳೆಲ್ಲವೂ ಈ ಎರಡು ವಾಕ್ಯಗಳ ಸುತ್ತಲೇ ತಿರುಗಿದುವೆಂದರೆ ಅತಿಶಯವಾಗಲಾರದು.

೨. ಭೂಮಿಯು ಕೈ ಬದಲಾಗುವ ಆರು ಅಂಗಗಳು

ಭೂಮಿಯು ಒಬ್ಬನಿಂದ ಇನ್ನೊಬ್ಬನಿಗೆ ಹೋಗಲು ಆರು ಅಂಗಗಳು ಬೇಕೆಂದು ಒಂದು ಪ್ರಾಚೀನ ವಚನವಿದೆ: ಊರವರು, ಜ್ಞಾತಿಗಳು, ಸಾಮಂತರು, ದಾಯಾದರು ಎಂಬ ನಾಲ್ವರ ಅನುಮತಿ, ಹಿರಣ್ಯ ಮತ್ತು ಉದಕ ಎಂಬ ಎರಡರ ದಾನ. ಇಲ್ಲಿ ಸಾಮಂತನೆಂದರೆ ಮಾಂಡಲಿಕ ಅರಸನಲ್ಲ. ಎಲ್ಲೆಗೆ ಹೊಂದಿದ ನೆಲದ ಒಡೆಯನು, ಎಂದರೆ ನೆರೆಹೊಲದವನು. ವಿಜ್ಞಾನೇಶ್ವರನು ಈ ಆರಕ್ಕೂ ಒಂದೊಂದು ಪ್ರಯೋಜನವನ್ನು ಹೇಳಿರುವ ರೀತಿಯು ಗಮನಾರ್ಹವಾಗಿದೆ. ಊರವರ ಅನುಮತಿಯು ವ್ಯವಹಾರವು ಎಲ್ಲರಿಗೂ ತಿಳಿಯಲೆಂದು. ಅದಿಲ್ಲದಿದ್ದರೆ ಕ್ರಯವೇ ಅಸಿದ್ಧವೆಂದಲ್ಲ. ಸಾಮಂತರ ಅನುಮತಿಯು ಎಲ್ಲೆಯ ಜಗಳವು ಹುಟ್ಟದಿರಲೆಂದು. ಜ್ಞಾತಿ ದಾಯಾದರ ಅನುಮತಿಗೆ ಮಾತ್ರ ಎರಡು ಬಗೆ. ಅವರು ಕೂಡಿದ್ದರೆ ಸ್ವತ್ತು ಅವರದೂ ಆದುದರಿಂದ ಅನುಮತಿಯು ಅತ್ಯಾವಶ್ಯಕ. ವಿಭಾಗ ಹೊಂದಿದ್ದರೆ, ‘ಇವರು ಭಾಗವಾದವರೋ ಅಲ್ಲವೋ’ ಎಂಬ ಸಂಶಯವು ಮುಂದೆ ಏಳದೆ ವ್ಯವಹಾರವು ಸುಗಮವಾಗಲೆಂದು.

ಉಳಿದ ಎರಡು ಅಂಗಗಳ ವಿವರಣೆಯು ಇನ್ನೂ ಸ್ವಾರಸ್ಯವಾದುದು. ಸ್ಥಾವರಕ್ಕೆ ವಿಕ್ರಯವೇ ಇಲ್ಲವೆಂಬ ನಿಷೇಧವೊಂದಿತ್ತು. ಭೂದಾನಕ್ಕೆ ಪ್ರಶಂಸೆಯಾದರೋ ಬಹಳವಾಗಿತ್ತು. ಆದಕಾರಣ ಮಾರಲೇಬೇಕಾದಾಗ ಹೊನ್ನನ್ನೂ ನೀರನ್ನೂ ಕೊಟ್ಟು, ದಾನದ ರೂಪದಲ್ಲಿ ವಿಕ್ರಯವನ್ನು ನಡೆಸತಕ್ಕುದೆಂದು ಅವನು ಸಮಾಧಾನ ಹೇಳಿರುವನು.

ಈ ಮಾತು ಕೇವಲ ಪಂಡಿತರ ಓಲೆಗಳಲ್ಲಿ ಉಳಿದುದಲ್ಲವೆಂಬುದಕ್ಕೆ ನಮ್ಮ ಶಾಸನಗಳೇ ಸಾಕ್ಷಿ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚಾಗಿರುವ ವಿಜಯನಗರ ಕಾಲದ ಕ್ರಯಶಾಸನಗಳಲ್ಲಿ ಸ್ತ್ರೀ, ಪುತ್ರ, ಜ್ಞಾತಿ, ಸಾಮಂತ, ದಾಯಾದ ಎಂಬ ಕ್ರಮದಲ್ಲಿ ಅನುಮತಿ ಕೊಟ್ಟವರನ್ನು ಹೇಳಿ, ಹಿರಣ್ಯೋದಕಪೂರ್ವಕವಾಗಿ ಧಾರೆಯೆರೆದು ಕೊಟ್ಟಂತೆ ಬರೆಯುವ ವಾಡಿಕೆಯು ಕಂಡುಬರುತ್ತದೆ. ಬೆಲೆಯನ್ನು ಎಣಿಸಿ ತೆಗೆದುಕೊಂಡ ಮೇಲೆ ಧಾರೆಯೇಕೆ ಎಂದು ಓದುವವರಿಗೆ ಆಶ್ಚರ್ಯವಾಗಬಹುದು. ಮಿತಾಕ್ಷರೆಯ ಮೇಲಣ ವಿವರಣೆಯನ್ನು ಎದುರಿಗಿಟ್ಟುಕೊಂಡರೆ ಆಶ್ಚರ್ಯಕ್ಕೆ ಎಡೆಯಿರುವುದಿಲ್ಲ. ಸ್ತ್ರೀ ಎಂಬ ಪದವು ಪಟ್ಟಿಯ ಮೊದಲಲ್ಲಿಯೇ ಇರುವುದನ್ನೂ ಗಮನಿಸತಕ್ಕುದು. ಹೆಂಡತಿಯ ಒಪ್ಪಿಗೆಯನ್ನು ಬರೆಯಿಸಿಕೊಳ್ಳದ ಕ್ರಯವು ಕೊಳ್ಳುವವನಿಗೆ ನೆಮ್ಮದಿಯನ್ನು ಕೊಡುತ್ತಿರಲಿಲ್ಲವೆಂದು ಇದರಿಂದ ಊಹಿಸಬಹುದು.

೩. ಜೀಮೂತವಾಹನನ ಪ್ರತಿಪಕ್ಷ

ವಂಗದೇಶದ ಜೀಮೂತವಾಹನನು ದಾಯಭಾಗದಲ್ಲಿ ಬೇರೊಂದು ದಾರಿಯನ್ನು ಹಿಡಿದನು. ಅವನ ಮತದಲ್ಲಿ ಮಗನಿಗೆ ಜನ್ಮದಿಂದ ಹಕ್ಕಿಲ್ಲ. ತಂದೆಯ ಸ್ವಾಮ್ಯವು ಅಳಿದ ಮೇಲೆಯೇ ಅದು ಹುಟ್ಟುವುದು. ಹುಟ್ಟುವಾಗಲೇ ಒಬ್ಬೊಬ್ಬನಿಗೆ ಇಷ್ಟಿಷ್ಟೆಂದು ಅಂಶವು ಗೊತ್ತಾಗಿರುವುದರಿಂದ, ಸೋದರರು ಒಂದೇ ಮನೆಯಲ್ಲಿ ಉಣ್ಣುತ್ತಿದ್ದರೂ ತಮ್ಮ ತಮ್ಮ ಅಂಶವನ್ನು ಮಾರಲು ಸ್ವತಂತ್ರರು. ಒಪ್ಪಿಗೆಯಿಲ್ಲದೆ ಮಾರಬಾರದೆಂಬ ಸ್ಮೃತಿಗಳನ್ನು ಅವನು ಅಲ್ಲಗಳೆಯಲಿಲ್ಲ. ಅವನ್ನು ಮೀರಿದವನಿಗೆ ದೋಷವುಂಟಾಗಬಹುದೇ ಹೊರತು, ನಡೆದುಹೋದ ವಿಕ್ರಯವು ನಡೆಯದಂತಾಗಲಾರದೆಂದು ವಾದಿಸಿದನು. ಪಾಪವೂ ಅಸಿದ್ಧತೆಯೂ ಬೇರೆ ಬೇರೆ ಎಂಬ ಈ ಭೇದವು ಮುಂದೆ ಮಿತಾಕ್ಷರೆಯ ಪ್ರದೇಶಕ್ಕೂ ನುಗ್ಗಿ ಬಂದುದನ್ನು ಈಗ ನೋಡಬೇಕಾಗಿದೆ.

೪. ಹತ್ತೊಂಬತ್ತನೆಯ ಶತಮಾನದ ತೀರ್ಪುಗಳು

ಹನುಮಾನ್ ಪ್ರಸಾದ ಪಾಂಡೆಯ ವ್ಯಾಜ್ಯದಲ್ಲಿ ಪ್ರಿವಿ ಕೌನ್ಸಿಲಿನವರು ೧೮೫೬ರಲ್ಲಿ ಕೊಟ್ಟ ತೀರ್ಪು ಈ ಭಾಗದ ನ್ಯಾಯಕ್ಕೆ ಅಸ್ತಿಭಾರವಾಗಿದೆ. ಅಪ್ರಾಪ್ತವಯಸ್ಕನ ಪರವಾಗಿ ಆಸ್ತಿಯನ್ನು ನೋಡಿಕೊಳ್ಳುವವರು ಅವಶ್ಯಕತೆಗಾಗಿ ಅಥವಾ ಆಸ್ತಿಯ ಹಿತಕ್ಕಾಗಿ ಮಾತ್ರ ಅದನ್ನು ಪರಾಧೀನ ಮಾಡಬಹುದು. ಹಣ ಕೊಡುವವನು ಅವಶ್ಯಕತೆಯುಂಟೋ ಎಂದು ಯುಕ್ತವಾದ ವಿಚಾರಣೆಯನ್ನು ಮಾಡತಕ್ಕುದು. ಹಾಗೆ ವಿಚಾರಿಸಿ ಪ್ರಾಮಾಣಿಕನಾಗಿ ನಡೆದವನು ಹಣವು ಹೇಗೆ ವೆಚ್ಚವಾಯಿತೆಂದು ಕಾಯ್ದು ನೋಡಬೇಕಾಗಿಲ್ಲ. ಈ ನಿಯಮವೇ ಮುಂದೆ ಕುಟುಂಬದ ಯಜಮಾನನ ಅಧಿಕಾರಕ್ಕೂ ಅನ್ವಯಿಸಲ್ಪಟ್ಟಿತು. ವಿಜ್ಞಾನೇಶ್ವರನ ‘ಆಪತ್ತು, ಕುಟುಂಬ, ಧರ್ಮ’ ಎಂಬ ಮೂರು ಕಾರಣಗಳು ಹೀಗೆ ನ್ಯಾಯಾಲಯದ ಭಾಷೆಯಲ್ಲಿ ಪುನಃ ಹುಟ್ಟಿದುವು.

ಯಜಮಾನನಲ್ಲದ ಒಬ್ಬ ದಾಯಾದನು ತನ್ನ ಅವಿಭಕ್ತ ಅಂಶವನ್ನು ಮಾತ್ರ ಮಾರಿದರೆ ಹೇಗೆ? ಇಲ್ಲಿ ಪ್ರಾಂತ್ಯಗಳ ಮತವು ಒಡೆಯಿತು. ಮದರಾಸಿನಲ್ಲಿ ೧೮೬೩ರಲ್ಲಿಯೂ ಮುಂಬಯಿಯಲ್ಲಿ ೧೮೭೩ರಲ್ಲಿಯೂ, ಬೆಲೆಗೆ ಮಾರಿದರೆ ಅಂತಹ ಕ್ರಯವು ಅವನ ಅಂಶದ ಮಟ್ಟಿಗೆ ಸಿದ್ಧವೆಂದು ತೀರ್ಪಾಯಿತು. ವಂಗದೇಶದಲ್ಲಿ ಮಿತಾಕ್ಷರೆಗೆ ಒಳಪಟ್ಟ ಕುಟುಂಬಗಳಿಗೂ ಸಂಯುಕ್ತ ಪ್ರಾಂತ್ಯಗಳಿಗೂ ಹಳೆಯ ನಿಷೇಧವೇ ಉಳಿಯಿತು. ಕನ್ನಡನಾಡಿನ ಉತ್ತರಭಾಗವು ಮುಂಬಯಿಗೂ, ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳು ಮದರಾಸಿಗೂ ಸೇರಿದ್ದುದರಿಂದ, ಮಿತಾಕ್ಷರೆಯು ಹುಟ್ಟಿದ ನಾಡಿನ ಈ ಭಾಗಗಳಲ್ಲಿಯೇ ಅದರ ನಿಷೇಧವು ಸಡಿಲವಾದುದು ಒಂದು ವಿಚಿತ್ರ ಸಂಗತಿ. ಸಾಲಗಾರನನ್ನು ನಂಬಿ ಹಣ ಕೊಟ್ಟವನಿಗೂ ಬೆಲೆ ಕೊಟ್ಟು ಕೊಂಡವನಿಗೂ ಅನ್ಯಾಯವಾಗಬಾರದೆಂಬುದೇ ಈ ಸಡಿಲಿಕೆಗೆ ಕೊಟ್ಟ ಕಾರಣ. ಬೆಲೆಯಿಲ್ಲದ ದಾನಕ್ಕೆ ಈ ನ್ಯಾಯವು ಒದಗುವುದಿಲ್ಲವಾದುದರಿಂದ ಅವಿಭಕ್ತ ಅಂಶದ ದಾನವು ಅಸಿದ್ಧವೆಂದೇ ಉಳಿಯಿತು. ೧೯೮೭ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮಿಕ್ಕ ದಾಯಾದರ ಒಪ್ಪಿಗೆಯಿಲ್ಲದ ದಾನಕ್ಕೆ ಇದನ್ನೇ ಹೇಳಿತು.

ಹಾಗೆ ಕೊಂಡವನಿಗೆ ದೊರೆಯುವುದೇನು? ೧೮೭೭ರಲ್ಲಿ ಪ್ರಿವಿ ಕೌನ್ಸಿಲಿನವರು, ಡಿಕ್ರಿಯ ಹರಾಜಿನಲ್ಲಿ ತಂದೆಯ ಹಕ್ಕನ್ನು ಕೊಂಡವನಿಗೆ ವಿಭಾಗವನ್ನು ಕೇಳುವ ಹಕ್ಕು ಮಾತ್ರ ಬರುವುದೆಂದು ನಿರ್ಣಯಿಸಿದರು. ೧೯೫೩ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೊಂಡವನು ದಾಯಾದರೊಡನೆ ಕೂಡಿ ಅನುಭವಕ್ಕೆ ನಿಲ್ಲಲಾರನು, ವಿಭಾಗದ ದಾವಾ ಹೂಡಿ ತನ್ನ ಪಾಲನ್ನು ಬೇರೆ ಮಾಡಿಸಿಕೊಳ್ಳತಕ್ಕುದೆಂದು ಸ್ಪಷ್ಟಪಡಿಸಿತು. ಕ್ರಯಪತ್ರದಲ್ಲಿ ಇಂತಹ ಹೊಲದ ಮೂಡಣ ಭಾಗವೆಂದು ಚಕ್ಕುಬಂದಿಯನ್ನು ಬರೆದಿದ್ದರೂ ಆ ಭಾಗವೇ ಸಿಕ್ಕುವುದೆಂಬ ನಿಶ್ಚಯವಿಲ್ಲ. ಮಿಕ್ಕವರಿಗೆ ತೊಂದರೆಯಾಗದಿದ್ದರೆ ನ್ಯಾಯಾಲಯವು ಆ ಭಾಗವನ್ನೇ ಮಾರಿದವನ ಪಾಲಿಗೆ ಹಾಕಿ ಕೊಂಡವನಿಗೆ ಕೊಡಬಹುದು; ಇಲ್ಲದಿದ್ದರೆ ಅವನು ಬೇರೆ ನೆಲಕ್ಕೆ ತೃಪ್ತನಾಗಬೇಕು.

ಸ್ವಯಾರ್ಜಿತದ ವಿಷಯದಲ್ಲಿ ನ್ಯಾಯಾಲಯವು ವಿಜ್ಞಾನೇಶ್ವರನಿಂದ ದೂರ ಸರಿಯಿತು. ತಾನೇ ಗಳಿಸಿದ ಸ್ಥಾವರವನ್ನು ಕೂಡ ಮಕ್ಕಳನ್ನು ಕೂಡಿಸಿ ಕೇಳದೆ ಮಾರಬಾರದೆಂಬ ವಚನವು ಮಿತಾಕ್ಷರೆಯಲ್ಲಿದೆ. ೧೮೯೮ರಲ್ಲಿ ಪ್ರಿವಿ ಕೌನ್ಸಿಲಿನವರು ಅದು ನೀತಿಬೋಧೆಯೇ ಹೊರತು ಕಟ್ಟಳೆಯಲ್ಲವೆಂದರು. ಪಾಪಕ್ಕೂ ಅಸಿದ್ಧತೆಗೂ ಜೀಮೂತವಾಹನನು ಮಾಡಿದ ಭೇದವು ಹೀಗೆ ಕಲ್ಯಾಣದ ಗ್ರಂಥಕ್ಕೂ ತಗಲಿತು.

೫. ವಾಸದ ಮನೆಗೆ ವಿಶೇಷ ರಕ್ಷಣೆ

ಹೊಲವನ್ನು ಬದುವಿಟ್ಟು ಹಂಚಬಹುದು. ಅಡಿಗೆಮನೆಯನ್ನೂ ಬಾವಿಯನ್ನೂ ಹಂಚುವುದು ಹೇಗೆ? ಈ ಕಷ್ಟವನ್ನರಿತು ಎರಡು ಶಾಸನಗಳು ಹುಟ್ಟಿದುವು. ೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೪೪ನೆಯ ಪ್ರಕರಣದ ಪ್ರಕಾರ, ಸಹ ಒಡೆಯನೊಬ್ಬನಿಂದ ಕೊಂಡವನಿಗೆ ಸಾಮಾನ್ಯವಾಗಿ ಕೂಡಿ ಅನುಭವಿಸುವ ಹಕ್ಕೂ ವಿಭಾಗ ಕೇಳುವ ಹಕ್ಕೂ ಉಂಟು. ಆದರೆ ಸ್ವತ್ತು ಅವಿಭಕ್ತ ಕುಟುಂಬದ ವಾಸದ ಮನೆಯಾಗಿದ್ದು ಕೊಂಡವನು ಆ ಕುಟುಂಬಕ್ಕೆ ಸೇರದವನಾಗಿದ್ದರೆ ಕೂಡಿ ವಾಸಿಸುವ ಹಕ್ಕು ಅವನಿಗಿಲ್ಲ. ಇಲ್ಲಿ ‘ಅವಿಭಕ್ತ ಕುಟುಂಬ’ವೆಂದರೆ ಹಿಂದೂ ಕುಟುಂಬವೇ ಆಗಬೇಕೆಂದಿಲ್ಲ. ೧೯೯೦ರಲ್ಲಿ ಮುಂಬಯಿಯ ಒಂದು ಪಾರ್ಸಿ ಕುಟುಂಬದ ಮನೆಯ ಅರ್ಧಾಂಶವನ್ನು ಕೊಂಡು ಒಳಹೊಕ್ಕಿದ್ದ ಅನ್ಯರನ್ನು, ದಾವಾ ಮುಗಿಯುವುದಕ್ಕೆ ಮುಂಚೆಯೇ ಹೊರಗೆ ನಿಲ್ಲಿಸುವ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು.

೧೮೯೩ರ ವಿಭಾಗ ಕಾಯಿದೆಯು ಇನ್ನೂ ಮುಂದೆ ಹೋಯಿತು. ಅದರ ಎರಡನೆಯ ಪ್ರಕರಣವು, ಸ್ವತ್ತನ್ನು ಯುಕ್ತವಾಗಿ ಹಂಚಲು ಬಾರದಿದ್ದು ಮಾರಿ ಹಣ ಹಂಚುವುದೇ ಎಲ್ಲರಿಗೂ ಲಾಭಕರವೆಂದು ಕಂಡರೆ, ಒಟ್ಟಿಗೆ ಅರ್ಧಕ್ಕೆ ಕಡಮೆಯಿಲ್ಲದ ಅಂಶವುಳ್ಳವರ ಕೋರಿಕೆಯ ಮೇಲೆ ವಿಕ್ರಯವನ್ನು ಆಜ್ಞಾಪಿಸಲು ನ್ಯಾಯಾಲಯಕ್ಕೆ ಅಧಿಕಾರವನ್ನು ಕೊಡುತ್ತದೆ. ಮೂರನೆಯದು, ಹೀಗೆ ಮಾರಲು ಕೇಳಿದವರ ಅಂಶವನ್ನು ಮಿಕ್ಕ ಪಾಲುದಾರರು ನ್ಯಾಯಾಲಯವು ಕಟ್ಟಿದ ಬೆಲೆಗೆ ತಾವೇ ಕೊಳ್ಳಲು ಅವಕಾಶವನ್ನು ಕೊಡುತ್ತದೆ. ನಾಲ್ಕನೆಯದು, ವಾಸದ ಮನೆಯ ಅಂಶವನ್ನು ಕೊಂಡ ಅನ್ಯನು ವಿಭಾಗಕ್ಕೆ ದಾವಾ ಹೂಡಿದರೆ, ಕುಟುಂಬದ ಪಾಲುದಾರನು ಆ ಅಂಶವನ್ನು ಕಟ್ಟಿದ ಬೆಲೆಗೆ ಬಿಡಿಸಿಕೊಳ್ಳಬಹುದೆನ್ನುತ್ತದೆ. ಆದರೆ ದಾವಾ ಹೂಡತಕ್ಕವನು ಆ ಅನ್ಯನೇ ಆಗಿರಬೇಕು. ಅವನು ಸುಮ್ಮನಿದ್ದರೆ ಅವನಿಂದ ಬಿಡಿಸಿಕೊಳ್ಳಲು ಈ ಪ್ರಕರಣವು ನೆರವಾಗದೆಂದು ೧೯೯೬ರಲ್ಲಿಯೂ ೨೦೦೦ದಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದೆ.

೬. ಒಡೆಯರ ಸಂಖ್ಯೆಯು ಬೆಳೆದ ಬಗೆ

ಇದುವರೆಗೆ ಹೇಳಿದುದು ಬಹುಮಟ್ಟಿಗೆ ಗಂಡಸರ ವ್ಯಾಜ್ಯ. ಕನ್ನಡನಾಡಿನಲ್ಲಿ ಇದಕ್ಕೆ ಹೊರತಾದ ಒಂದು ಪದ್ಧತಿಯು ಮೊದಲಿನಿಂದಲೂ ಇತ್ತು. ದಕ್ಷಿಣ ಕನ್ನಡದ ಅಳಿಯಸಂತಾನದಲ್ಲಿ ಸ್ವತ್ತು ಹೆಣ್ಣುಸಂತತಿಯಲ್ಲಿ ಇಳಿಯುವುದು; ಎಲ್ಲರೂ ಒಪ್ಪದ ಹೊರತು ಒಬ್ಬರು ವಿಭಾಗವನ್ನು ಬಲಾತ್ಕಾರವಾಗಿ ಪಡೆಯುವಂತಿರಲಿಲ್ಲ. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ, ಎಂದರೆ ಒಬ್ಬ ಹೆಂಗಸೂ ಅವಳ ಹೆಣ್ಣುಸಂತತಿಯ ಕಡೆಯವರೂ ಸೇರಿದ ಶಾಖೆಗೆ, ಪಾಲು ಕೇಳುವ ಹಕ್ಕನ್ನು ಕೊಟ್ಟಿತು. ಮೈಸೂರು ಸಂಸ್ಥಾನವು ೧೯೩೩ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಿಂದ, ವಿಭಾಗವು ನಡೆಯುವಾಗ ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ವಿಧವೆಯರಿಗೂ ಅಂಶವನ್ನು ವಿಧಿಸಿತ್ತು.

೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಗಳನ್ನು ಮೊದಲನೆಯ ವರ್ಗದ ವಾರಸುದಾರಳನ್ನಾಗಿ ಮಾಡಿತು. ಕರ್ನಾಟಕದ ತಿದ್ದುಪಡಿಯು ೧೯೯೪ರ ಜುಲೈ ೩೦ರಿಂದ ಅವಳನ್ನು ಜನ್ಮತಃ ದಾಯಾದಳನ್ನಾಗಿ ಮಾಡಿತಾದರೂ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ೨೦೦೫ರ ಸೆಪ್ಟೆಂಬರ್ ೯ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿಯಲ್ಲಿ ಈ ಭೇದವಿಲ್ಲ. ಆ ದಿನ ತಂದೆಯು ಜೀವಂತನಾಗಿರಬೇಕೆಂಬ ನಿಬಂಧನೆಯೂ ಇಲ್ಲವೆಂದು ೨೦೨೦ರ ಆಗಸ್ಟ್ ೧೧ರಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮುಂಚೆ ನಡೆದ ಕ್ರಯಗಳನ್ನೂ ವಿಭಾಗಗಳನ್ನೂ ಮಾತ್ರ ತಿದ್ದುಪಡಿಯು ಕದಲಿಸುವುದಿಲ್ಲ. ಜನ್ಮಸ್ವತ್ವವೆಂಬ ವಿಜ್ಞಾನೇಶ್ವರನ ತತ್ತ್ವವು ಅಳಿಯಲಿಲ್ಲ. ಅದು ಮಗಳಿಗೂ ವಿಸ್ತರಿಸಿತು. ಅಣ್ಣತಮ್ಮಂದಿರ ರುಜುವಿನಿಂದಲೇ ಮುಗಿಯುತ್ತಿದ್ದ ಕ್ರಯಪತ್ರಕ್ಕೆ ಅಕ್ಕತಂಗಿಯರ ರುಜುವೂ ಬೇಕಾದುದು ಹೀಗೆ.

೭. ಒಂದು ಉದಾಹರಣೆ

ತಂದೆಯು ತಾನೇ ಗಳಿಸಿ ಕಟ್ಟಿಸಿದ ಮನೆಯನ್ನು ಬಿಟ್ಟು, ಮರಣಶಾಸನವನ್ನು ಬರೆಯದೆ ಈಚೆಗೆ ತೀರಿಕೊಂಡನೆಂದು ಇಟ್ಟುಕೊಳ್ಳೋಣ. ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇರುವರು. ನಾಲ್ವರಿಗೂ ನಾಲ್ಕನೆಯ ಒಂದೊಂದು ಅಂಶ. ಹಿರಿಯ ಮಗನು ಸಾಲಕ್ಕೆ ಸಿಕ್ಕಿ ತನ್ನ ಅಂಶವನ್ನು ಅನ್ಯನಿಗೆ ಮಾರಲೆಳಸುವನು. ೧೯೫೬ರ ಕಾಯಿದೆಯ ೨೨ನೆಯ ಪ್ರಕರಣದ ಮೇರೆಗೆ ಅದನ್ನು ಮೊದಲು ಕೊಳ್ಳುವ ಹಕ್ಕು ಮಿಕ್ಕ ಮೂವರಿಗಿದೆ. ಬೆಲೆಯು ಒಪ್ಪದಿದ್ದರೆ ನ್ಯಾಯಾಲಯವು ಗೊತ್ತುಮಾಡುವುದು. ಈ ಹಕ್ಕು ವ್ಯವಸಾಯದ ಭೂಮಿಗೂ ಸಲ್ಲುವುದೆಂದು ೨೦೧೯ರಲ್ಲಿ ತೀರ್ಪಾಗಿದೆ. ಆದರೆ ಮಾರುವವನು ಮಿಕ್ಕವರಿಗೆ ಹೇಗೆ, ಎಷ್ಟು ದಿನ ಮುಂಚೆ ತಿಳಿಸಬೇಕೆಂಬ ಕ್ರಮವನ್ನು ಪ್ರಕರಣವು ಹೇಳಿಲ್ಲ. ಅವನು ಗುಟ್ಟಾಗಿ ಮಾರಿದನೆನ್ನಿ. ಕೊಂಡವನು ಮನೆಯನ್ನು ಹೊಗಲಾರನು. ನಾಲ್ಕನೆಯ ಒಂದಂಶವು ಅರ್ಧಕ್ಕೆ ಕಡಮೆಯಾದುದರಿಂದ ಒಬ್ಬನೇ ಇಡೀ ಮನೆಯ ವಿಕ್ರಯವನ್ನು ಕೇಳಲಾರನು. ವಿಭಾಗಕ್ಕೆ ದಾವಾ ಹೂಡಿದರೆ ತಾಯಿಯಾಗಲಿ ತಮ್ಮನಾಗಲಿ ತಂಗಿಯಾಗಲಿ ಕಟ್ಟಿದ ಬೆಲೆ ಕೊಟ್ಟು ಅಂಶವನ್ನು ಬಿಡಿಸಿಕೊಳ್ಳಬಹುದು. ಗಂಡುಮಕ್ಕಳು ಭಾಗ ಮಾಡಿಕೊಳ್ಳುವ ವರೆಗೆ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳಬಾರದೆಂದಿದ್ದ ೨೩ನೆಯ ಪ್ರಕರಣವು ೨೦೦೫ರಲ್ಲಿ ರದ್ದಾದುದರಿಂದ, ಮಗಳು ತಾನೇ ವಿಭಾಗವನ್ನು ಕೇಳಲೂ ಬಹುದು.

ಕಾಗದದ ಮೇಲೆ ಇದು ಸಮರ್ಪಕವಾದ ಏರ್ಪಾಡು. ವ್ಯವಹಾರದಲ್ಲಿ ನೋಡಿದರೆ, ಬಿಡಿಸಿಕೊಳ್ಳುವ ಹಕ್ಕು ಹಣವುಳ್ಳವರ ಹಕ್ಕು. ವಿಧವೆಯಾದ ತಾಯಿಯು ಪೇಟೆಯ ಬೆಲೆಯನ್ನು ಎಲ್ಲಿಂದ ತರುವಳು? ಮೇಲಾಗಿ ಕಾಲವಿಳಂಬವುಂಟು. ವಿಭಾಗದ ದಾವೆಯಲ್ಲಿ ಅಂಶಗಳನ್ನು ಗೊತ್ತುಮಾಡುವ ಪ್ರಾಥಮಿಕ ಡಿಕ್ರಿಯು ಮೊದಲು. ಕಮಿಷನರು ಅಳೆದು ಹಂಚಿದ ಮೇಲೆ ಅಂತಿಮ ಡಿಕ್ರಿಯು ತರುವಾಯ. ಈ ಎರಡರ ನಡುವೆ ವರ್ಷಗಟ್ಟಲೆ ಕಳೆಯುವುದನ್ನು ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿಯೇ ಆಕ್ಷೇಪಿಸಿ, ೨೦೨೨ರಲ್ಲಿ, ಪ್ರಾಥಮಿಕ ಡಿಕ್ರಿಯಾದೊಡನೆ ಬೇರೆ ಅರ್ಜಿಯನ್ನು ಕಾಯದೆ ಮುಂದಿನ ಕ್ರಮವನ್ನು ಕೈಕೊಳ್ಳತಕ್ಕುದೆಂದು ಕೆಳಗಿನ ನ್ಯಾಯಾಲಯಗಳಿಗೆ ಆಜ್ಞಾಪಿಸಿತು.

ಯಜಮಾನನು ಪಿತ್ರಾರ್ಜಿತವನ್ನು ಮಾರುವಾಗಲೂ ಕಷ್ಟವು ಇದೇ ಜಾತಿಯದು. ಅವಶ್ಯಕತೆಗಾಗಿ ಮಾರುವುದನ್ನು ಮುಂಚಿತವಾಗಿ ತಡೆಯಾಜ್ಞೆಯಿಂದ ನಿಲ್ಲಿಸಲಾಗದು, ಮಾರಿದ ಮೇಲೆ ಪ್ರಶ್ನಿಸತಕ್ಕುದೆಂದು ೧೯೮೮ರ ತೀರ್ಪು ಹೇಳುತ್ತದೆ. ತಂದೆಯು ಮಾಡಿದ ಪರಾಧೀನವನ್ನು ಪ್ರಶ್ನಿಸಲು, ಕೊಂಡವನು ಸ್ವಾಧೀನಕ್ಕೆ ಬಂದಂದಿನಿಂದ ಹನ್ನೆರಡು ವರ್ಷಗಳ ವಾಯಿದೆಯಿದೆ. ಹನ್ನೆರಡು ವರ್ಷಗಳ ವರೆಗೆ ಕೊಂಡವನಿಗೂ ನೆಮ್ಮದಿಯಿಲ್ಲ, ಮಾರಿದವನ ಮಕ್ಕಳಿಗೂ ನೆಮ್ಮದಿಯಿಲ್ಲ. ಇದಕ್ಕೆ ಪ್ರತಿಯಾಗಿ ೧೯೬೪ರಲ್ಲಿ ತೀರ್ಮಾನವಾದ ಪಂಜಾಬಿನ ಒಂದು ವ್ಯಾಜ್ಯವು ಬೋಧಪ್ರದವಾಗಿದೆ. ಅಲ್ಲಿ ಕೊಳ್ಳುವವನು ಅದೇ ಸ್ವತ್ತಿನ ದೊಡ್ಡ ಪಾಲುದಾರನು. ಕುಟುಂಬಕ್ಕೆ ಇದ್ದುದು ಸಣ್ಣ ಅಂಶ. ಆದರೂ ವಯಸ್ಸಿಗೆ ಬಂದ ತಮ್ಮಂದಿರನ್ನು ಕೇಳದೆ ಹಿರಿಯನು ಮಾಡಿದ ಕರಾರನ್ನು, ಅವಶ್ಯಕತೆಯಾಗಲಿ ಕುಟುಂಬದ ಹಿತವಾಗಲಿ ಕಾಣದೆ, ನ್ಯಾಯಾಲಯವು ನಡೆಸಿಕೊಡಲು ನಿರಾಕರಿಸಿತು. ಕೇಳಬಹುದಾದವರನ್ನು ಕೇಳದಿದ್ದುದೇ ಅಲ್ಲಿ ಮುಖ್ಯ ದೋಷಗಳಲ್ಲಿ ಒಂದಾಯಿತು.

೮. ಉಪಸಂಹಾರ

ಮೇಲಣ ವಿವರಗಳಿಂದ ಒಂದು ಸಂಗತಿಯು ಸ್ಪಷ್ಟವಾಗುವುದು. ಹಳೆಯ ಪದ್ಧತಿಯಲ್ಲಿ ಸಮ್ಮತಿಯು ಕ್ರಯಕ್ಕೆ ಮುಂಚೆ ಬರುತ್ತಿತ್ತು. ಇಂದಿನ ಪದ್ಧತಿಯಲ್ಲಿ ಪರಿಹಾರವು ಕ್ರಯದ ತರುವಾಯ ಬರುತ್ತದೆ. ಮೊದಲನೆಯದರಲ್ಲಿ ಒಬ್ಬನ ಹಟವು ಎಲ್ಲರನ್ನೂ ಕಟ್ಟಿಹಾಕುವ ಭಯವಿತ್ತು. ಎರಡನೆಯದರಲ್ಲಿ ಒಬ್ಬನ ಆತುರವು ಎಲ್ಲರನ್ನೂ ಕಚೇರಿಗೆ ಎಳೆಯುವ ಭಯವಿದೆ. ಹಳೆಯ ನಿಷೇಧವನ್ನು ಮರಳಿ ತರಬೇಕೆಂದು ನಮ್ಮ ಅಭಿಪ್ರಾಯವಲ್ಲ. ಸಾಲದಲ್ಲಿ ಮುಳುಗಿದವನಿಗೂ, ಪಾಲು ಸಿಕ್ಕದೆ ದೂರದಲ್ಲಿ ಬಾಳುವ ಮಗಳಿಗೂ ತಮ್ಮ ಅಂಶವನ್ನು ಹಣವಾಗಿ ಮಾಡಿಕೊಳ್ಳುವ ದಾರಿ ಇರಲೇಬೇಕು. ಆದರೆ ೨೨ನೆಯ ಪ್ರಕರಣಕ್ಕೆ ಮುನ್ನೋಟೀಸಿನ ಕ್ರಮವನ್ನೂ ಅದಕ್ಕೆ ತಕ್ಕ ಅವಧಿಯನ್ನೂ ಸೇರಿಸಿದರೆ, ಮಾರುವವನ ಸ್ವಾತಂತ್ರ್ಯಕ್ಕೆ ಕುಂದಿಲ್ಲದೆ ಮಿಕ್ಕವರಿಗೆ ಮನೆಯನ್ನು ಉಳಿಸಿಕೊಳ್ಳುವ ಕಾಲಾವಕಾಶವು ದೊರೆಯುವುದು.

ಕಾಯಿದೆಯು ತಿದ್ದುಪಡಿಯಾಗುವ ವರೆಗೆ ಕೊಳ್ಳುವವನು ವಿಜ್ಞಾನೇಶ್ವರನು ವಿಭಕ್ತರ ಅನುಮತಿಗೆ ಹೇಳಿದ ಕಾರಣವನ್ನು ನೆನಪಿನಲ್ಲಿಡುವುದು ಲೇಸು. ಪಾಲುಪಾರಿಖತ್ತು ಆಗಿದೆಯೆಂದು ಮಾರುವವನು ಹೇಳಿದರೂ ಅದನ್ನು ಕಣ್ಣಾರೆ ಕಂಡು, ಅಣ್ಣತಮ್ಮಂದಿರೊಡನೆ ಅಕ್ಕತಂಗಿಯರ ಒಪ್ಪಿಗೆಯನ್ನೂ ಬರೆಯಿಸಿಕೊಂಡರೆ, ಮುಂದೆ ಏಳಬಹುದಾದ ಸಂಶಯವು ಇಂದೇ ಅಡಗುವುದು. ಧಾರೆಯ ನೀರು ನಿಂತುಹೋಗಿ ಬಹುಕಾಲವಾಯಿತು. ಸ್ತ್ರೀ ಪುತ್ರ ಜ್ಞಾತಿ ದಾಯಾದರನ್ನು ಕೇಳುವ ವಾಡಿಕೆಗೆ ಮಾತ್ರ ಇದ್ದ ಕಾರಣವು ಇನ್ನೂ ಹಾಗೆಯೇ ಇದೆ.